ದಿನಾ ನೂರು ಲೆಕ್ಕ ಮಾಡಿದರೂ ನವೋದಯದ ಅಂಕಗಣಿತದಲ್ಲಿ ಅಂಕ ಏಕೆ ಬರುತ್ತಿಲ್ಲ?

ಪ್ರಶ್ನೆ: ನನ್ನ ಮಗಳು ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ನವೋದಯ ಪ್ರವೇಶ ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ ಎಲ್ಲ ಬರುತ್ತದೆ. ದಿನಾ ಸಂಜೆ ಕೂರಿಸಿಕೊಂಡು ನೂರು ಲೆಕ್ಕ ಮಾಡಿಸುತ್ತೇನೆ. ಆದರೂ ಮಾದರಿ ಪರೀಕ್ಷೆ ಕೊಟ್ಟರೆ ಅಂಕಗಣಿತದ 20 ಪ್ರಶ್ನೆಗಳಲ್ಲಿ 9 ಅಥವಾ 10 ಮಾತ್ರ ಸರಿಯಾಗುತ್ತವೆ. ಆಮೇಲೆ ಕೇಳಿದರೆ "ಇದು ನಂಗೆ ಗೊತ್ತಿತ್ತು ಅಪ್ಪಾ" ಅನ್ನುತ್ತಾಳೆ. ವೇದಗಣಿತದ ಕ್ಲಾಸಿಗೆ ಸೇರಿಸಿದರೆ ವೇಗ ಬರುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಸೇರಿಸಲಾ ಸರ್? ಇನ್ನೇನು ಮಾಡಿಸಲಿ?

ಉತ್ತರ: ಮೊದಲು ನೂರು ಲೆಕ್ಕ ನಿಲ್ಲಿಸಿ. ದಿನಕ್ಕೆ ಹನ್ನೆರಡು ಸಾಕು. ಹನ್ನೆರಡು ಮಾಡಿಸಿ, ಅದರಲ್ಲಿ ತಪ್ಪಾದ ಮೂರೋ ನಾಲ್ಕೋ ಲೆಕ್ಕಗಳನ್ನು ಇಟ್ಟುಕೊಂಡು ಉಳಿದ ಸಮಯ ಕೂರಿ. ನಿಮ್ಮ ಮಗಳ ಸಮಸ್ಯೆ ಅಭ್ಯಾಸ ಕಮ್ಮಿ ಆಗಿದ್ದಲ್ಲ. ಒಂದೇ ತಪ್ಪನ್ನು ದಿನಾ ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ, ಅಷ್ಟೆ. ನೂರು ಲೆಕ್ಕ ಮಾಡುವ ಮಗುವಿಗೆ ಐವತ್ತರ ನಂತರ ಬೇಕಾಗಿರುವುದು ಉತ್ತರವಲ್ಲ, ಬಿಡುಗಡೆ. ಕೈ ಓಡುತ್ತದೆ, ತಲೆ ಓಡುವುದಿಲ್ಲ.

"ಗೊತ್ತಿತ್ತು ಅಪ್ಪಾ" ಅನ್ನುವ ಮಾತನ್ನು ನಂಬಿ. ಅದು ನೆಪವಲ್ಲ. ಈ ಪರೀಕ್ಷೆಯ ಅಂಕಗಣಿತದಲ್ಲಿ ಅಂಕ ಹೋಗುವುದು ಬಹುಪಾಲು ಗೊತ್ತಿರುವ ಲೆಕ್ಕಗಳಲ್ಲೇ.

ಪರೀಕ್ಷೆಯ ಸ್ವರೂಪ ನಿಮಗೆ ಗೊತ್ತಿರಬಹುದು, ಆದರೂ ಒಮ್ಮೆ ನೆನಪಿಸುತ್ತೇನೆ. ಆರನೇ ತರಗತಿಯ ಪ್ರವೇಶಕ್ಕೆ ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಒಂದು ಸರಿ ಉತ್ತರಕ್ಕೆ 1.25 ಅಂಕ. ಅಂಕಗಣಿತಕ್ಕೆ ಇಟ್ಟಿರುವ ಸಮಯ 30 ನಿಮಿಷ. ಅಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೇ ಬರೆಯಬಹುದು. ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಒಂದೂವರೆ ನಿಮಿಷ ಅನ್ನುವುದು ಪೂರ್ಣ ಸಂಖ್ಯೆಗಳ ನೇರ ಲೆಕ್ಕಕ್ಕೆ ಧಾರಾಳ ಸಮಯ. ಹಾಗಾಗಿ ನಿಮ್ಮ ಮಗಳಿಗೆ ಬೇಕಾದದ್ದು ವೇಗವಲ್ಲ. ಇನ್ನೊಂದು, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಅದರಲ್ಲಿ ಮೂರು ತಪ್ಪು ಉತ್ತರಗಳು ಸುಮ್ನೆ ಬಂದು ಕೂತವಲ್ಲ. ಮಕ್ಕಳು ಎಲ್ಲಿ ಎಡವುತ್ತಾರೋ ನೋಡಿ, ಆ ತಪ್ಪಿನಿಂದ ಬರುವ ಉತ್ತರವನ್ನೇ ಅಲ್ಲಿಟ್ಟಿರುತ್ತಾರೆ. ಮಗು ತಪ್ಪು ಮಾಡುತ್ತದೆ, ತನಗೆ ಬಂದ ಉತ್ತರ ಆಯ್ಕೆಯಲ್ಲೂ ಕಾಣುತ್ತದೆ, ಖುಷಿಯಿಂದ ವೃತ್ತ ತುಂಬಿ ಮುಂದೆ ಹೋಗುತ್ತದೆ. ಶಾಲೆಯ ಪರೀಕ್ಷೆಯಲ್ಲಾದರೆ ಅರ್ಧ ಅಂಕವಾದರೂ ಸಿಗುತ್ತಿತ್ತು. ಇಲ್ಲಿ ಸೊನ್ನೆ.

ಸೊನ್ನೆ ಅಂದಾಗ ನೆನಪಾಯಿತು. ಪೂರ್ಣ ಸಂಖ್ಯೆಗಳ ಲೆಕ್ಕದಲ್ಲಿ ಅತಿ ಹೆಚ್ಚು ಅಂಕ ತಿನ್ನುವುದು ಸೊನ್ನೆಯೇ. ಇವತ್ತು ಸಂಜೆ ಮಗಳಿಗೆ ಈ ಮೂರು ಲೆಕ್ಕ ಕೊಡಿ. ಸಮಯ ನೋಡಬೇಡಿ, ಪಕ್ಕದಲ್ಲಿ ಕೂತು ಅವಳ ಕೈ ನೋಡಿ.

7245 ÷ 35
408 × 305
50003 − 17846

ಮೊದಲನೆಯದರ ಉತ್ತರ 207. ತುಂಬಾ ಮಕ್ಕಳು 27 ಬರೆಯುತ್ತಾರೆ. ಆಗುವುದೇನೆಂದರೆ, 72ರಲ್ಲಿ 35 ಎರಡು ಸಲ ಹೋಯಿತು, 2 ಉಳಿಯಿತು, 4 ಇಳಿಸಿದರು, 24 ಆಯಿತು. 24ರಲ್ಲಿ 35 ಹೋಗುವುದಿಲ್ಲ. ಇಲ್ಲಿ ಮೇಲೆ ಒಂದು ಸೊನ್ನೆ ಬರೆಯಬೇಕು. ಮಗು ಬರೆಯದೆ ಮುಂದಿನ 5ನ್ನೂ ಇಳಿಸಿಬಿಡುತ್ತದೆ. 245ರಲ್ಲಿ 35 ಏಳು ಸಲ, ಶೇಷ ಸೊನ್ನೆ, ಎಲ್ಲ ಚೆನ್ನಾಗಿ ಮುಗಿಯಿತು ಅನ್ನಿಸುತ್ತದೆ. ಶೇಷ ಉಳಿಯದೇ ಇರುವುದರಿಂದ ಅನುಮಾನವೂ ಬರುವುದಿಲ್ಲ.

ಇದಕ್ಕೆ ಮದ್ದು "ಗಮನ ಕೊಟ್ಟು ಮಾಡು" ಅನ್ನುವ ಬೈಗುಳ ಅಲ್ಲ. ಭಾಗಿಸುವ ಮೊದಲೇ ಭಾಗಲಬ್ಧದಲ್ಲಿ ಎಷ್ಟು ಅಂಕಿ ಬರಬೇಕು ಎಂದು ಎಣಿಸುವುದನ್ನು ಕಲಿಸಿ. 35 ಮೊದಲ ಸಲ ಹೋಗುವುದು 72ರಲ್ಲಿ. 72ರ 2ರ ಮೇಲೆ ಒಂದು ಚುಕ್ಕೆ ಇಡಲಿ. ಆಮೇಲೆ ಉಳಿದ ಪ್ರತಿ ಅಂಕಿಯ ಮೇಲೂ ಒಂದೊಂದು ಚುಕ್ಕೆ. 4ಕ್ಕೆ ಒಂದು, 5ಕ್ಕೆ ಒಂದು. ಒಟ್ಟು ಮೂರು ಚುಕ್ಕೆ. ಅಂದರೆ ಉತ್ತರ ಮೂರು ಅಂಕಿಯದು. ಎರಡೇ ಅಂಕಿ ಬಂದರೆ ಎಲ್ಲೋ ಸೊನ್ನೆ ಬಿಟ್ಟುಹೋಗಿದೆ ಎಂದು ಅವಳಿಗೇ ತಿಳಿಯುತ್ತದೆ. ಈ ಚುಕ್ಕೆ ಇಡಲು ಐದು ಸೆಕೆಂಡ್ ಸಾಕು. ಎರಡು ವಾರ ಪ್ರತಿ ಭಾಗಾಕಾರಕ್ಕೂ ಇಡಿಸಿ. ಆಮೇಲೆ ಕಣ್ಣೇ ಎಣಿಸುತ್ತದೆ, ಪೆನ್ ಬೇಡ. ಇಂಥವೇ ಇನ್ನೊಂದಷ್ಟು ಲೆಕ್ಕ ಬೇಕಿದ್ದರೆ ನೀವೇ ತಯಾರಿಸಬಹುದು. ನಡುವೆ ಸೊನ್ನೆ ಇರುವ ಒಂದು ಸಂಖ್ಯೆ ತಗೊಳ್ಳಿ, 604, 3008 ಹೀಗೆ. ಅದನ್ನು ಒಂದೋ ಎರಡೋ ಅಂಕಿಯ ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ಮಗಳಿಗೆ ಭಾಗಿಸಲು ಕೊಡಿ. 604ನ್ನು 8ರಿಂದ ಗುಣಿಸಿದರೆ 4832. "4832 ÷ 8 ಎಷ್ಟು?" ಅಷ್ಟೇ. 510ರ ತರಹ ಕೊನೆಯಲ್ಲಿ ಸೊನ್ನೆ ಇರುವವನ್ನೂ ಸೇರಿಸಿ, ಅಲ್ಲಿ ಬೀಳುವವರು ಇನ್ನೂ ಜಾಸ್ತಿ.

ಎರಡನೆಯ ಲೆಕ್ಕದ ಉತ್ತರ 1,24,440. ಮಕ್ಕಳು ಬರೆಯುವುದು 14,280. 408ನ್ನು 5ರಿಂದ ಗುಣಿಸಿ 2040 ಬರೆದರು. ನಡುವಿನ ಸೊನ್ನೆಯ ಸಾಲನ್ನು ಬಿಟ್ಟರು. ಬಿಡಬಹುದು, ತಪ್ಪಿಲ್ಲ. ಆದರೆ 3ರಿಂದ ಗುಣಿಸಿದ 1224ನ್ನು ಎರಡು ಮನೆ ಎಡಕ್ಕೆ ಬರೆಯುವ ಬದಲು ಒಂದೇ ಮನೆ ಸರಿಸಿದರು. ಇದು ಗುಣಾಕಾರದ ತಪ್ಪಲ್ಲ, ಸ್ಥಾನಬೆಲೆಯ ತಪ್ಪು. 305ರಲ್ಲಿರುವ 3 ಅಂದರೆ ಮುನ್ನೂರು ಅನ್ನುವುದು ಅವಳ ತಲೆಯಲ್ಲಿ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ದಿನ "ಮೂರರಿಂದ ಗುಣಿಸಿದೆ" ಅನ್ನಲು ಬಿಡಬೇಡಿ. "ಮುನ್ನೂರರಿಂದ ಗುಣಿಸಿದೆ" ಎಂದೇ ಹೇಳಿಸಿ. ಮುನ್ನೂರರಿಂದ ಅಂದಮೇಲೆ ಎರಡು ಸೊನ್ನೆ ತಾನಾಗಿ ಬಂದು ಕೂರುತ್ತವೆ. 1,22,400, ಅದಕ್ಕೆ 2,040. ಮುಗೀತು.

ಮೂರನೆಯದು 32,157. ಇಲ್ಲಿ ಕಷ್ಟ ಏನೆಂದರೆ 3ರಿಂದ 6 ಹೋಗುವುದಿಲ್ಲ, ಪಕ್ಕದಿಂದ ಸಾಲ ತರಬೇಕು, ಪಕ್ಕದಲ್ಲಿ ಸೊನ್ನೆ, ಅದರ ಪಕ್ಕದಲ್ಲೂ ಸೊನ್ನೆ, ಅದರಾಚೆಯೂ ಸೊನ್ನೆ. ನಾಲ್ಕು ಮನೆ ದಾಟಿ ಹೋಗಿ ತರಬೇಕು, ದಾರಿಯಲ್ಲಿ ಎಲ್ಲ ಸೊನ್ನೆಗಳನ್ನೂ 9 ಮಾಡಬೇಕು. ಒಂದು ಮರೆತರೂ ಹೋಯಿತು. ಇದಕ್ಕೆ ಒಂದು ಸುಲಭ ದಾರಿ ಇದೆ. ಎರಡೂ ಸಂಖ್ಯೆಗಳಿಂದ 4 ಕಳೆಯಿರಿ. 50003 ಹೋಗಿ 49999 ಆಯಿತು, 17846 ಹೋಗಿ 17842 ಆಯಿತು. ಎರಡರಿಂದಲೂ ಒಂದೇ ಸಂಖ್ಯೆ ಕಳೆದರೆ ವ್ಯತ್ಯಾಸ ಬದಲಾಗುವುದಿಲ್ಲ ಅಲ್ವಾ? ಈಗ 49999ರಿಂದ 17842 ಕಳೆಯಲು ಸಾಲವೇ ಬೇಡ. ಎಡದಿಂದ ಬಲಕ್ಕೆ ನೇರವಾಗಿ ಬರೆಯಬಹುದು. ಆದರೆ ಇದು ಯಾಕೆ ಸರಿ ಎಂದು ಅವಳೇ ಹೇಳುವ ತನಕ ಇದನ್ನು ಬಳಸಲು ಬಿಡಬೇಡಿ. "ನಿನಗೂ ನಿನ್ನ ತಮ್ಮನಿಗೂ ವಯಸ್ಸಿನ ವ್ಯತ್ಯಾಸ ಎಷ್ಟು? ನಾಲ್ಕು ವರ್ಷದ ಹಿಂದೆ ಎಷ್ಟಿತ್ತು?" ಎಂದು ಕೇಳಿ. ಅವಳೇ ಹಿಡಿದುಕೊಳ್ಳುತ್ತಾಳೆ.

ಮೂರೂ ಸರಿ ಮಾಡಿದಳಾ? ಹಾಗಾದರೆ ಅವಳ ಕೈ ಚೆನ್ನಾಗಿದೆ, ಸಮಸ್ಯೆ ಬೇರೆಡೆ ಇದೆ. ಅದನ್ನು ಪತ್ತೆ ಮಾಡಲು ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಮಾದರಿ ಪರೀಕ್ಷೆಯಲ್ಲಿ ತಪ್ಪಾದ ಪ್ರತಿ ಲೆಕ್ಕವನ್ನೂ ಅದರಲ್ಲಿ ಬರೆಸಿ. ಪಕ್ಕದಲ್ಲಿ ಒಂದೇ ಒಂದು ಅಕ್ಷರ. ವಿಷಯವೇ ಗೊತ್ತಿಲ್ಲದಿದ್ದರೆ "ಗೊ". ಓದುವಾಗ ತಪ್ಪಿದ್ದರೆ "ಓ". ಲೆಕ್ಕದಲ್ಲಿ ಕೈ ಜಾರಿದ್ದರೆ "ಜಾ". ಸಮಯ ಸಾಲದಿದ್ದರೆ "ಸ". ಅಕ್ಷರ ಯಾವುದು ಅನ್ನುವುದನ್ನು ಅವಳೇ ತೀರ್ಮಾನಿಸಲಿ, ನೀವಲ್ಲ. ನಾಲ್ಕೈದು ಮಾದರಿ ಪತ್ರಿಕೆ ಆದಮೇಲೆ ಆ ಅಕ್ಷರಗಳನ್ನು ಎಣಿಸಿ. "ಜಾ" ಜಾಸ್ತಿ ಇದ್ದರೆ ಒಂದು ದಾರಿ, "ಓ" ಜಾಸ್ತಿ ಇದ್ದರೆ ಇನ್ನೊಂದು ದಾರಿ. ಎರಡಕ್ಕೂ ನೂರು ಲೆಕ್ಕದ ಮದ್ದು ಕೆಲಸ ಮಾಡುವುದಿಲ್ಲ.

"ಜಾ" ಜಾಸ್ತಿ ಇದ್ದರೆ ಮೊದಲು ಮಗ್ಗಿ ನೋಡಿ. ಐದನೇ ತರಗತಿಯ ಮಗುವಿಗೆ ಮಗ್ಗಿ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಬರುವುದು ರಾಗ. ಎಂಟರ ಮಗ್ಗಿಯನ್ನು ಮೊದಲಿಂದ ಶುರು ಮಾಡಿದರೆ ಸರಾಗವಾಗಿ ಹೇಳುತ್ತಾರೆ. ನಡುವೆ ತಡೆದು "ಎಂಟೇಳ್ಲ?" ಎಂದು ಕೇಳಿದರೆ ಒಂದು ಕ್ಷಣ ತುಟಿ ಅಲ್ಲಾಡುತ್ತದೆ. ಕೆಳಗಿಂದ ಹತ್ತಿಕೊಂಡು ಬರುತ್ತಿದ್ದಾರೆ ಎಂದರ್ಥ. ಆ ಹತ್ತುವ ಹೊತ್ತಿನಲ್ಲಿ ದಶಕ ಮರೆತುಹೋಗುತ್ತದೆ. ದೊಡ್ಡ ಗುಣಾಕಾರ ತಪ್ಪುವುದು ಹೀಗೆ.

ಒಳ್ಳೆ ಸುದ್ದಿ ಏನೆಂದರೆ ಗಟ್ಟಿ ಮಾಡಬೇಕಾದದ್ದು ತುಂಬಾ ಕಮ್ಮಿ. 2ರ ಮಗ್ಗಿ, 5ರ ಮಗ್ಗಿ ಎಲ್ಲರಿಗೂ ಬರುತ್ತದೆ. ಏಳೆಂಟ್ಲ, ಎಂಟೇಳ್ಲ ಎರಡೂ ಒಂದೇ. ಹೀಗೆ ತೆಗೆದರೆ 3, 4, 6, 7, 8, 9 ಈ ಆರು ಅಂಕಿಗಳ ನಡುವೆ ಉಳಿಯುವುದು 21 ಜೋಡಿ ಮಾತ್ರ. ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿ 21 ಚೀಟಿ ಮಾಡಿ. ಒಂದು ಕಡೆ 7 × 8, ಹಿಂದೆ 56. ಕಲಸಿ ಕೇಳಿ. ತಡವರಿಸಿದವನ್ನು ಬೇರೆ ಇಡಿ. ಒಂದು ವಾರದಲ್ಲಿ ಬೇರೆ ಇಟ್ಟ ಗುಂಪಿನಲ್ಲಿ ನಾಲ್ಕೈದು ಚೀಟಿ ಉಳಿದಿರುತ್ತವೆ. ಸಾಮಾನ್ಯವಾಗಿ 6 × 8, 7 × 8, 7 × 6, 9 × 7 ಇವೇ. ಆಮೇಲೆ ಚೀಟಿ ತಿರುಗಿಸಿ ಉಲ್ಟಾ ಕೇಳಿ. "56 ಅಂದ್ರೆ?" ಅವಳು "ಏಳೆಂಟ್ಲ" ಅನ್ನಬೇಕು, ಆಮೇಲೆ "ಹದಿನಾಲ್ಕು ನಾಲ್ಕ್ಲ" ಕೂಡ ಹೊಳೆಯಬೇಕು. ಭಾಗಾಕಾರಕ್ಕೆ, ಮುಂದೆ ಅಪವರ್ತನ, ಲ.ಸಾ.ಅ., ಮ.ಸಾ.ಅ. ಲೆಕ್ಕಗಳಿಗೆ ಬೇಕಾದದ್ದು ಈ ಉಲ್ಟಾ ಮಗ್ಗಿಯೇ. 12ರಿಂದ 19ರ ತನಕದ ಮಗ್ಗಿ ಬಂದರೆ ಲಾಭ. ಬಾರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 17 × 6ನ್ನು ಅರವತ್ತು ಮತ್ತು ನಲವತ್ತೆರಡು, ನೂರಾ ಎರಡು ಎಂದು ಒಡೆದು ಹೇಳಲು ಬಂದರೆ ಸಾಕು.

ಇನ್ನು ಬರವಣಿಗೆ. ಕಚ್ಚಾ ಲೆಕ್ಕವನ್ನು ಮೂಲೆಯಲ್ಲಿ ಓರೆಯಾಗಿ, ಅಂಕಿಯ ಮೇಲೆ ಅಂಕಿ ಬರೆಯುವ ಮಕ್ಕಳು ಬಿಡಿ, ಹತ್ತು, ನೂರುಗಳನ್ನು ಕಲಸಿಬಿಡುತ್ತಾರೆ. ಮೊದಲ ತಿಂಗಳು ಚೌಕದ ಗೆರೆ ಇರುವ ನೋಟ್‌ಬುಕ್ಕಿನಲ್ಲಿ ಮಾಡಿಸಿ, ಒಂದು ಚೌಕಕ್ಕೆ ಒಂದು ಅಂಕಿ. ಎರಡನೇ ತಿಂಗಳಿಂದ ಬಿಳಿ ಹಾಳೆ. ಕೊನೆಗೆ ಅಂಗೈ ಅಗಲದ ಜಾಗದಲ್ಲಿ ನೀಟಾಗಿ ಮಾಡುವುದು. ಪರೀಕ್ಷೆಯಲ್ಲಿ ಕಚ್ಚಾ ಕೆಲಸಕ್ಕೆ ಜಾಗ ಕಮ್ಮಿಯೇ ಇರುತ್ತದೆ.

ಈಗ ಆಯ್ಕೆಗಳ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ಪೋಷಕರು ಮಾಡಿಸದೇ ಬಿಡುವ ಅಭ್ಯಾಸ ಇದು. ಶಾಲೆಯಲ್ಲಿ ತಾಳೆ ನೋಡುವುದೆಂದರೆ ಇನ್ನೊಮ್ಮೆ ಲೆಕ್ಕ ಮಾಡುವುದು. ಎರಡನೇ ಸಲವೂ ಅದೇ ಕೈ, ಅದೇ ತಪ್ಪು. ತಾಳೆ ಬೇರೆ ದಾರಿಯಲ್ಲಿ ಆಗಬೇಕು. 347 × 68 ಎಂಬ ಲೆಕ್ಕ ಕೊಟ್ಟು, ಆಯ್ಕೆಗಳು ಹೀಗಿವೆ ಅನ್ನಿ: ಎ) 23,586 ಬಿ) 23,596 ಸಿ) 23,598 ಡಿ) 21,596.

ಮೊದಲು ಅಂದಾಜು. 350ರ 70ಪಟ್ಟು 24,500. ಎರಡನ್ನೂ ಸ್ವಲ್ಪ ಮೇಲಕ್ಕೆ ಏರಿಸಿದ್ದೇವೆ, ಹಾಗಾಗಿ ನಿಜವಾದ ಉತ್ತರ ಅದಕ್ಕಿಂತ ಸ್ವಲ್ಪ ಕಮ್ಮಿ. ಡಿ ಸ್ವಲ್ಪ ಜಾಸ್ತಿಯೇ ಕಮ್ಮಿಯಾಯಿತು, ಅನುಮಾನ. ಆಮೇಲೆ ಕೊನೆಯ ಅಂಕಿ. ಏಳೆಂಟ್ಲ 56, ಉತ್ತರ 6ರಲ್ಲೇ ಮುಗಿಯಬೇಕು. ಸಿ ಹೋಯಿತು. ಉಳಿದದ್ದಕ್ಕೆ ಅಂಕಿಗಳ ಮೊತ್ತ. 347ರಲ್ಲಿ 3, 4, 7 ಕೂಡಿದರೆ 14, ಮತ್ತೆ ಕೂಡಿದರೆ 5. 68ರಲ್ಲಿ 6, 8 ಕೂಡಿದರೆ 14, ಮತ್ತೆ 5. ಐದೈದ್ಲ 25, ಕೂಡಿದರೆ 7. ಸರಿ ಉತ್ತರದ ಅಂಕಿಗಳನ್ನು ಹೀಗೇ ಕೂಡಿದರೆ 7 ಬರಲೇಬೇಕು. ಎ ಕೂಡಿದರೆ 24, ಅಂದರೆ 6. ಅಲ್ಲ. ಡಿ ಕೂಡಿದರೆ 23, ಅಂದರೆ 5. ಅದೂ ಅಲ್ಲ. ಬಿ ಕೂಡಿದರೆ 25, ಅಂದರೆ 7. ಲೆಕ್ಕ ಮಾಡದೆಯೇ ಉತ್ತರ ಸಿಕ್ಕಿತು. ಇದು ಮಾಯೆಯಲ್ಲ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡುತ್ತಾ ಹೋದರೆ ಸಿಗುವುದು ಅದನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷ. ಕೊನೆಗೆ 9 ಬಂದರೆ ಶೇಷ ಸೊನ್ನೆ ಎಂದು ತಿಳಿಯಬೇಕು, ಅಷ್ಟೆ. ಶೇಷಗಳೂ ಸಂಖ್ಯೆಗಳ ಹಾಗೆಯೇ ಗುಣವಾಗುತ್ತವೆ. ಕೂಡುವುದಕ್ಕೂ ಇದೇ ತಾಳೆ ನಡೆಯುತ್ತದೆ.

ಆದರೆ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಅಂಕಿಗಳು ಅದಲುಬದಲಾದರೆ, 23,596ರ ಬದಲು 23,956 ಬರೆದರೆ, ಮೊತ್ತ ಅದೇ ಇರುತ್ತದೆ. ಸೊನ್ನೆ ಬಿಟ್ಟುಹೋದರೂ ಅದೇ. 207ರ ಅಂಕಿಗಳನ್ನು ಕೂಡಿದರೂ 9, 27ರವನ್ನು ಕೂಡಿದರೂ 9. ಅಂದರೆ ನಾನು ಮೊದಲು ಹೇಳಿದ ಆ ಸೊನ್ನೆಯ ಕಳ್ಳ ಈ ಬಲೆಗೆ ಬೀಳುವುದೇ ಇಲ್ಲ. ಅವನನ್ನು ಹಿಡಿಯಲು ಅಂದಾಜೇ ಬೇಕು. ಆದ್ದರಿಂದ ಕ್ರಮ ಬದಲಿಸಬೇಡಿ: ಮೊದಲು ಅಂದಾಜು, ಆಮೇಲೆ ಕೊನೆಯ ಅಂಕಿ, ಆಮೇಲೆ ಅಂಕಿಗಳ ಮೊತ್ತ. ಒಳ್ಳೆ ಅಭ್ಯಾಸ ಬೇಕೆಂದರೆ ವಾರಕ್ಕೊಮ್ಮೆ ಹತ್ತು ಗುಣಾಕಾರ ಆಯ್ಕೆಗಳ ಸಮೇತ ಕೊಟ್ಟು, "ಗುಣಿಸಬಾರದು, ತಪ್ಪು ಉತ್ತರ ಹೊಡೆದುಹಾಕು" ಅನ್ನಿ. ಮಕ್ಕಳಿಗೆ ಇದು ಆಟದ ತರಹ ಇಷ್ಟವಾಗುತ್ತದೆ.

ತಾಳೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞರಿದ್ದರು. ಉತ್ತರ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ತರಹ ಕಾಣುವ ಗುಣಾಕಾರಗಳನ್ನು ಅವರು ಕೊಟ್ಟಿದ್ದಾರೆ. 139 × 109 ಮಾಡಿಸಿ ನೋಡಿ, 15,151 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಪರೀಕ್ಷೆಯಲ್ಲಿ ಇಷ್ಟು ದೊಡ್ಡ ಲೆಕ್ಕ ಕೇಳುವುದಿಲ್ಲ. ಆದರೆ ಭಾನುವಾರ ಒಂದು ಕೊಡಲು ಚೆನ್ನಾಗಿವೆ. ಸರಿಯಾಯಿತಾ ಇಲ್ಲವಾ ಎಂದು ನಿಮ್ಮನ್ನು ಕೇಳಬೇಕಾಗಿಲ್ಲ, ಉತ್ತರವೇ ಹೇಳುತ್ತದೆ.

ನೋಟ್‌ಬುಕ್ಕಿನಲ್ಲಿ "ಓ" ಜಾಸ್ತಿ ಇದ್ದರೆ ದಾರಿ ಬೇರೆ ಅಂದೆನಲ್ಲ. ಅಲ್ಲಿ ಲೆಕ್ಕ ಹೆಚ್ಚು ಮಾಡಿಸುವುದಲ್ಲ, ಒಂದೇ ಲೆಕ್ಕದಿಂದ ಹೆಚ್ಚು ಪ್ರಶ್ನೆ ಕೇಳುವುದು. ನಿಮ್ಮ ಕಡೆ ತೆಂಗು ಇದೆಯಲ್ಲ, ಅದನ್ನೇ ತಗೊಳ್ಳೋಣ. 1,250 ತೆಂಗಿನಕಾಯಿ ಇವೆ, ಒಂದು ಚೀಲಕ್ಕೆ 48 ಹಿಡಿಯುತ್ತದೆ. ಭಾಗಿಸಿದರೆ ಭಾಗಲಬ್ಧ 26, ಶೇಷ 2. ಈಗ ಕೇಳಿ. ಪೂರ್ತಿ ತುಂಬುವ ಚೀಲ ಎಷ್ಟು? 26. ಎಲ್ಲ ಕಾಯಿ ತುಂಬಲು ಕನಿಷ್ಠ ಎಷ್ಟು ಚೀಲ ಬೇಕು? 27. ಉಳಿಯುವ ಕಾಯಿ? 2. ಕೊನೆಯ ಚೀಲವೂ ತುಂಬಬೇಕೆಂದರೆ ಇನ್ನೆಷ್ಟು ಕಾಯಿ ತರಬೇಕು? 46. ಭಾಗಾಕಾರ ಒಂದೇ, ಉತ್ತರ ನಾಲ್ಕು. ಪರೀಕ್ಷೆಯಲ್ಲಿ ಈ ನಾಲ್ಕೂ ಆಯ್ಕೆಗಳಲ್ಲಿ ಇದ್ದರೆ? "ಕನಿಷ್ಠ" ಅನ್ನುವ ಪದ ಓದದೇ ಬಿಟ್ಟ ಮಗು 26ಕ್ಕೆ ಗುರುತು ಹಾಕುತ್ತದೆ, ಮನೆಗೆ ಬಂದು "ಗೊತ್ತಿತ್ತು ಅಪ್ಪಾ" ಅನ್ನುತ್ತದೆ.

ಹೀಗೆ ಶೇಷದ ಸುತ್ತ ಬರುವ ಪ್ರಶ್ನೆಗಳನ್ನು ಚೆನ್ನಾಗಿ ಉಜ್ಜಿಸಿ. "1000ದಿಂದ ಕನಿಷ್ಠ ಎಷ್ಟು ಕಳೆದರೆ 37ರಿಂದ ಭಾಗವಾಗುತ್ತದೆ?" ಶೇಷವೇ ಉತ್ತರ, 1. "ಕನಿಷ್ಠ ಎಷ್ಟು ಕೂಡಿದರೆ?" 37ರಲ್ಲಿ ಶೇಷ ಕಳೆದದ್ದು, 36. "37ರಿಂದ ಭಾಗವಾಗುವ ನಾಲ್ಕು ಅಂಕಿಯ ದೊಡ್ಡ ಸಂಖ್ಯೆ?" 9999ನ್ನು ಭಾಗಿಸಿ, ಶೇಷ 9 ಕಳೆಯಿರಿ, 9990. "ಒಂದು ಸಂಖ್ಯೆಯನ್ನು 24ರಿಂದ ಭಾಗಿಸಿದರೆ ಭಾಗಲಬ್ಧ 35, ಶೇಷ 17. ಆ ಸಂಖ್ಯೆ ಯಾವುದು?" 24ನ್ನು 35ರಿಂದ ಗುಣಿಸಿ 17 ಕೂಡಿದರೆ 857. ಇವೆಲ್ಲ ಒಂದೇ ಮಾತಿನ ಬೇರೆ ಬೇರೆ ಮುಖ: ಭಾಜ್ಯ ಅಂದರೆ ಭಾಜಕ ಗುಣಿಸು ಭಾಗಲಬ್ಧ, ಕೂಡಿಸು ಶೇಷ. ಇದನ್ನು ಉರು ಹೊಡೆಸಿದರೆ ಸಾಲದು, ನಾಲ್ಕರಲ್ಲಿ ಯಾವುದು ಕೊಟ್ಟಿಲ್ಲವೋ ಅದನ್ನು ಕಂಡುಹಿಡಿಯುವ ಹಾಗೆ ತಿರುಗಿಸಿ ತಿರುಗಿಸಿ ಕೇಳಿ.

ಇನ್ನೊಂದು ನಮೂನೆ ಇದೆ, ಮಕ್ಕಳು ನೋಡಿದ ಕೂಡಲೇ ಹೆದರುತ್ತಾರೆ. "ಒಬ್ಬ ಹುಡುಗ ಒಂದು ಸಂಖ್ಯೆಯನ್ನು 46ರಿಂದ ಗುಣಿಸುವ ಬದಲು ತಪ್ಪಾಗಿ 64ರಿಂದ ಗುಣಿಸಿದ. ಉತ್ತರ 2,250 ಹೆಚ್ಚಾಯಿತು. ಸಂಖ್ಯೆ ಯಾವುದು?" ಬೀಜಗಣಿತ ಬೇಕಿಲ್ಲ. 18 ಸಲ ಜಾಸ್ತಿ ಆಗಿದ್ದಕ್ಕೆ 2,250 ಬಂತು, ಹಾಗಾದರೆ ಒಂದು ಸಲಕ್ಕೆ 125. ಗುಣಾಕಾರ ಅಂದರೆ "ಇಷ್ಟು ಸಲ" ಎಂದು ತಿಳಿದ ಮಗುವಿಗೆ ಇದು ಅರ್ಧ ನಿಮಿಷದ ಕೆಲಸ.

ಸ್ಥಾನಬೆಲೆಯಿಂದಲೂ ನೇರ ಪ್ರಶ್ನೆ ಬರುತ್ತವೆ. 7,05,172ರಲ್ಲಿ ಎರಡು 7ಗಳಿವೆ, ಅವುಗಳ ಸ್ಥಾನಬೆಲೆಗಳ ವ್ಯತ್ಯಾಸ 6,99,930. ಮುಖಬೆಲೆ (ಅಂಕಿ ಎಲ್ಲಿದ್ದರೂ ಬರೀ 7) ಕೇಳಿದ್ದಾರಾ, ಸ್ಥಾನಬೆಲೆಯಾ ಎಂದು ಎರಡು ಸಲ ಓದಬೇಕು. 0, 3, 5, 8, 9 ಕೊಟ್ಟು ಐದು ಅಂಕಿಯ ಅತಿ ಚಿಕ್ಕ ಸಂಖ್ಯೆ ಕೇಳಿದರೆ ಅದು 30,589. ಸೊನ್ನೆಯನ್ನು ಮೊದಲಿಗಿಟ್ಟರೆ ನಾಲ್ಕೇ ಅಂಕಿ ಉಳಿಯುತ್ತದೆ. ದೊಡ್ಡ ಸಂಖ್ಯೆಗಳನ್ನು ಬಾಯಲ್ಲಿ ಹೇಳಿ ಬರೆಸಿ. "ಐದು ಲಕ್ಷದ ಏಳು ಸಾವಿರದ ಒಂಬತ್ತು" ಅಂದಾಗ 5,07,009 ಎಂದು ಅಲ್ಪವಿರಾಮದ ಸಮೇತ ಬರೆಯಬೇಕು. ಎಷ್ಟು ಮಕ್ಕಳು 57,009 ಬರೆಯುತ್ತಾರೆ ಅಂತ ಒಂದು ತರಗತಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಬಾಡ್‌ಮಾಸ್ (ಯಾವ ಕ್ರಿಯೆ ಮೊದಲು ಮಾಡಬೇಕು ಎಂದು ನೆನಪಿಡಲು ಇರುವ BODMAS ಎಂಬ ಪದ) ಬಗ್ಗೆ ಒಂದೇ ಎಚ್ಚರಿಕೆ. ಆ ಪದದಲ್ಲಿ ಭಾಗಾಕಾರ ಗುಣಾಕಾರಕ್ಕಿಂತ ಮೊದಲು ಬರುತ್ತದೆ, ಕೂಡುವುದು ಕಳೆಯುವುದಕ್ಕಿಂತ ಮೊದಲು. ಮಕ್ಕಳು ಅದನ್ನೇ ಕಟ್ಟುನಿಟ್ಟಾಗಿ ಹಿಡಿದು 100 − 36 + 14ಕ್ಕೆ ಮೊದಲು 36 ಮತ್ತು 14 ಕೂಡಿ, ಉತ್ತರ 50 ಅನ್ನುತ್ತಾರೆ. ಸರಿ ಉತ್ತರ 78. ಭಾಗಾಕಾರ, ಗುಣಾಕಾರ ಇವೆರಡೂ ಸಮಾನ, ಎಡದಿಂದ ಬಲಕ್ಕೆ ಯಾವುದು ಮೊದಲು ಸಿಗುತ್ತದೋ ಅದು. ಕೂಡುವುದು, ಕಳೆಯುವುದೂ ಹಾಗೆಯೇ. 48 ÷ 6 × 2 ಅಂದರೆ 16, ನಾಲ್ಕಲ್ಲ.

ಈಗ ನಿಮ್ಮ ವೇದಗಣಿತದ ಪ್ರಶ್ನೆ. ನನ್ನ ಅಭಿಪ್ರಾಯ: ಈ ಮೂರು ತಿಂಗಳಲ್ಲಿ ಬೇಡ. ಆ ಕ್ಲಾಸುಗಳಲ್ಲಿ ಹೇಳಿಕೊಡುವ ಉಪಾಯಗಳು ಸುಳ್ಳಲ್ಲ. 98 × 97 ತರಹದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ 9,506 ಅನ್ನಬಹುದು. ಆದರೆ ಒಂದೊಂದು ಉಪಾಯ ಒಂದೊಂದು ಜಾತಿಯ ಸಂಖ್ಯೆಗೆ ಮಾತ್ರ ಹೊಂದುತ್ತದೆ. ಹತ್ತು ವರ್ಷದ ಮಗು ಮೊದಲು ಸಂಖ್ಯೆಯ ಜಾತಿ ಗುರುತಿಸಬೇಕು, ಉಪಾಯ ನೆನಪಿಸಿಕೊಳ್ಳಬೇಕು, ಆಮೇಲೆ ಲೆಕ್ಕ. ಪರೀಕ್ಷೆಯ ಗಾಬರಿಯಲ್ಲಿ ಎರಡು ಉಪಾಯ ಕಲಸಿಹೋದರೆ ಬರುತ್ತಿದ್ದದ್ದೂ ಬಾರದಂತಾಗುತ್ತದೆ. ಅದಕ್ಕಿಂತ ಸಂಖ್ಯೆಯನ್ನು ಒಡೆಯುವ ಮೂರ್ನಾಲ್ಕು ದಾರಿ ಸಾಕು. 25ರಿಂದ ಗುಣಿಸಬೇಕಾ, ನೂರರಿಂದ ಗುಣಿಸಿ 4ರಿಂದ ಭಾಗಿಸು. 648 × 25 ಅಂದರೆ 16,200. 125 ಬಂದರೆ ಸಾವಿರದಿಂದ ಗುಣಿಸಿ 8ರಿಂದ ಭಾಗಿಸು, 736 × 125 ಅಂದರೆ 92,000. 457 × 99 ಅಂದರೆ 45,700ರಲ್ಲಿ 457 ಕಳೆ, 45,243. ಮತ್ತು 378 × 67 + 378 × 33 ಕಂಡರೆ ಎರಡು ಗುಣಾಕಾರಕ್ಕೆ ಕೈ ಹಾಕಬಾರದು, 378ರ ನೂರು ಪಟ್ಟು, 37,800. ಇವನ್ನು ಮನೆಯಲ್ಲೇ ಹೇಳಿಕೊಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಸಮಯದ ವಿಷಯ. ಮೊದಲ ತಿಂಗಳು ಗಡಿಯಾರವನ್ನು ತಿರುಗಿಸಿಡಿ. ದಿನಾ ಐದು ನಿಮಿಷ ಚೀಟಿ, ಅರ್ಧ ಗಂಟೆ ಹನ್ನೆರಡು ಲೆಕ್ಕ, ಉಳಿದದ್ದು ತಪ್ಪಿನ ನೋಟ್‌ಬುಕ್. ಮುಕ್ಕಾಲು ಗಂಟೆ ಮೀರಬೇಡಿ. ಎರಡನೇ ತಿಂಗಳು ಹತ್ತು ಪ್ರಶ್ನೆಗೆ 15 ನಿಮಿಷ. ಮೂರನೇ ತಿಂಗಳು 20 ಪ್ರಶ್ನೆಗೆ 30 ನಿಮಿಷ, ಅದೂ ಓಎಂಆರ್ ಹಾಳೆಯ ನಕಲಿನಲ್ಲಿ ಪೆನ್ನಿನಿಂದ ವೃತ್ತ ತುಂಬಿಸಿ. ತುಂಬಿದ ಮೇಲೆ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಉತ್ತರ ಬಂದ ಕೂಡಲೇ ತುಂಬದೆ, ಅಂದಾಜು ಮತ್ತು ಕೊನೆಯ ಅಂಕಿ ನೋಡಿ ತುಂಬುವುದು ರೂಢಿಯಾಗಲಿ. ನೇರ ಲೆಕ್ಕಗಳು ಮೊದಲ ಸುತ್ತು, ಉದ್ದದ ಪ್ರಶ್ನೆಗಳು ಎರಡನೇ ಸುತ್ತು. ಒಂದು ಪ್ರಶ್ನೆಗೆ ಎರಡು ನಿಮಿಷ ದಾಟಿದರೆ ಬಿಟ್ಟು ಮುಂದೆ ಹೋಗಲಿ. ಆದರೆ ಬಿಟ್ಟ ಪ್ರಶ್ನೆಯ ವೃತ್ತದ ಸಾಲು ಖಾಲಿ ಇದೆ ಎಂದು ನೆನಪಿರಬೇಕು. ಒಂದು ಸಾಲು ತಪ್ಪಿ ತುಂಬಿದರೆ ಮುಂದಿನ ಎಲ್ಲವೂ ತಪ್ಪುತ್ತವೆ. ಕೊನೆಯ ಎರಡು ನಿಮಿಷದಲ್ಲಿ ಉಳಿದವನ್ನೂ ತುಂಬಲಿ. ಅಂಕ ಕಳೆಯದ ಪರೀಕ್ಷೆಯಲ್ಲಿ ಖಾಲಿ ಬಿಡುವುದಕ್ಕೆ ಕಾರಣವೇ ಇಲ್ಲ. ಎರಡು ಆಯ್ಕೆ ಹೊಡೆದುಹಾಕಿ ಊಹಿಸಿದರೆ ಇನ್ನೂ ಒಳ್ಳೆಯದು.

ನವೋದಯದ ಆರನೇ ತರಗತಿಗೆ ಒಂದು ಮಗು ಒಂದೇ ಸಲ ಪರೀಕ್ಷೆ ಬರೆಯಬಹುದು. ಇದನ್ನು ನೀವು ತಿಳಿದುಕೊಂಡಿರಿ, ಅವಳಿಗೆ ದಿನಾ ನೆನಪಿಸಬೇಡಿ. ಬೇರೆ ದಾರಿಗಳೂ ಇವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಪ್ರವೇಶ ಪರೀಕ್ಷೆ ಇದೆ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಈಗ ಹುಡುಗಿಯರಿಗೂ ಪ್ರವೇಶವಿದೆ. ಆ ಪರೀಕ್ಷೆಯಲ್ಲಿ ಗಣಿತದ ತೂಕ ಇನ್ನೂ ಜಾಸ್ತಿ: 300 ಅಂಕದಲ್ಲಿ 150 ಗಣಿತಕ್ಕೆ, 50 ಪ್ರಶ್ನೆ, ತಲಾ 3 ಅಂಕ. ಅಲ್ಲಿ ಒಂದು ಸೊನ್ನೆ ಬಿಟ್ಟರೆ ಮೂರು ಅಂಕ ಹೋಯಿತು. ಅಲ್ಲಿಗೂ ಅರ್ಜಿ ಹಾಕುವ ಯೋಚನೆ ಇದ್ದರೆ ಬೇರೆ ಅಭ್ಯಾಸ ಶುರು ಮಾಡಬೇಕಿಲ್ಲ. ಇದೇ ನೋಟ್‌ಬುಕ್, ಇದೇ ಚೀಟಿ ಸಾಕು, ಲೆಕ್ಕಗಳನ್ನು ಸ್ವಲ್ಪ ದೊಡ್ಡದು ಮಾಡಿಕೊಳ್ಳಿ.

ಇವತ್ತಿಗೆ ಆ ಮೂರು ಲೆಕ್ಕ ಮಾಡಿಸಿ. ನಾಲ್ಕೈದು ಮಾದರಿ ಪತ್ರಿಕೆ ಆದಮೇಲೆ ನೋಟ್‌ಬುಕ್ಕಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಬರೆದು ತಿಳಿಸಿ. "ಗೊ" ಜಾಸ್ತಿ ಇದ್ದರೆ ಯಾವ ಪಾಠಗಳಲ್ಲಿ ಅನ್ನುವುದನ್ನೂ ಬರೆಯಿರಿ, ಅದಕ್ಕೆ ಬೇರೆಯಾಗಿ ಉತ್ತರಿಸುತ್ತೇನೆ.